ದುರ್ಗೆ ಹುಟ್ಟಿದ ಶರದೃತು

ಸ್ವತಂತ್ರ ಭಾರತದ ಮೊದಲ ಜನಗಣತಿ ನಡೆದದ್ದು 1951ರಲ್ಲಿ. ದೇಶದಲ್ಲಿ 36 ಕೋಟಿ ಜನರಿದ್ದಾರೆಂದು ಗೊತ್ತಾದಾಗ ಆಳುವವರಿಗೆ ದಿಗಿಲಾಯಿತು. ಇಷ್ಟು ಬಾಯಿಗೆ ಅನ್ನ ಎಲ್ಲಿಂದ ತರುವುದು? ಮರುವರ್ಷವೇ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡ ಭಾರತ, ಆ ದಾರಿ ಹಿಡಿದ ಜಗತ್ತಿನ ಮೊದಲ ದೇಶವಾಯಿತು. ನಮ್ಮ ಮೈಸೂರು ಸಂಸ್ಥಾನವಂತೂ ಅದಕ್ಕೂ ಎರಡು ದಶಕ ಮೊದಲು, 1930ರಲ್ಲೇ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆಜ್ಞೆ ಹೊರಡಿಸಿತ್ತು. ಮುಂದೆ ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನ ಊರೂರಿನ ಗೋಡೆ ಏರಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷ, 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ತಾಲ್ಲೂಕಿಗಿಷ್ಟು, ಜಿಲ್ಲೆಗಿಷ್ಟು ಎಂದು ಗುರಿ ಕೊಟ್ಟು, ಶಾಲಾ ಮೇಷ್ಟರನ್ನೂ ಜನ ಕರೆತರಲು ಅಟ್ಟಿದ ಕಾಲವದು.

ಅದೇ ಊರುಗಳಲ್ಲಿ, ಅದೇ ಗೋಡೆಗಳ ಆಚೆ, ಯಾವ ಸರ್ಕಾರಿ ಕಡತದಲ್ಲೂ ಜಾಗ ಸಿಗದ ಇನ್ನೊಂದು ದುಃಖವಿತ್ತು. ಮದುವೆಯಾಗಿ ಐದಾರು ವರ್ಷ ಕಳೆದರೂ ಮಡಿಲು ತುಂಬದ ಹೆಣ್ಣನ್ನು ಸೀಮಂತಕ್ಕೆ ಕರೆಯುತ್ತಿರಲಿಲ್ಲ. ತೊಟ್ಟಿಲು ಶಾಸ್ತ್ರದಲ್ಲಿ ಅವಳು ಹಿಂದಿನ ಸಾಲಿಗೆ ಸರಿಯಬೇಕಿತ್ತು. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥಕ್ಕೆ ಹೋದವರು ಅಲ್ಲಿ ಸಾಲುಗಟ್ಟಿ ನಿಂತ ನಾಗರಕಲ್ಲುಗಳನ್ನು ನೋಡಿರುತ್ತಾರೆ. ಮಕ್ಕಳ ಹರಕೆ ಹೊತ್ತವರು ತಲೆಮಾರುಗಳಿಂದ ನಿಲ್ಲಿಸಿದ ಕಲ್ಲುಗಳವು. ನನ್ನ ದೃಷ್ಟಿಯಲ್ಲಿ ಈ ದೇಶದ ಸಂತಾನಹೀನತೆಗೆ ಇರುವ ಅತಿ ಹಳೆಯ ದಾಖಲೆ ಅದೇ. ದೋಷ ಗಂಡಸಿನದಿರಬಹುದೆಂಬ ಮಾತನ್ನು ಆಗ ಯಾರೂ ಎತ್ತುತ್ತಿರಲಿಲ್ಲ. ಮಾವ ಎರಡನೆಯ ಸೊಸೆಯನ್ನು ಹುಡುಕಲು ಹೊರಡುತ್ತಿದ್ದ, ಅಷ್ಟೆ.

ಇಂಥ ಕಾಲದಲ್ಲಿ ಕಲ್ಕತ್ತೆಯಲ್ಲಿ ಸುಭಾಷ್ ಮುಖೋಪಾಧ್ಯಾಯ ಎಂಬ ವೈದ್ಯನಿದ್ದ. 1931ರಲ್ಲಿ ಹಜಾರಿಬಾಗ್‌ನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲೊಂದು, ಎಡಿನ್‌ಬರೋದಲ್ಲೊಂದು ಎಂದು ಎರಡು ಡಾಕ್ಟರೇಟ್ ಪಡೆದವನು. ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಶರೀರಶಾಸ್ತ್ರದ ಅಧ್ಯಾಪಕ. ಜಾದವಪುರ ವಿಶ್ವವಿದ್ಯಾಲಯದ ಸುನೀತ್ ಮುಖರ್ಜಿ ಮತ್ತು ಸ್ತ್ರೀರೋಗ ತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ ಅವನ ಜೊತೆಗಾರರು. ಗರ್ಭನಾಳ ಮುಚ್ಚಿಹೋಗಿದ್ದ ಒಬ್ಬಾಕೆಗೆ ಮಗುವಾಗಬೇಕಿತ್ತು. ಅಂಡಾಣು ಗರ್ಭಕೋಶಕ್ಕೆ ಇಳಿಯುವ ಹಾದಿಯೇ ಕಟ್ಟಿಕೊಂಡಾಗ, ಅದನ್ನು ಹೊರತೆಗೆದು, ಗಾಜಿನ ಪಾತ್ರೆಯಲ್ಲಿ ವೀರ್ಯಾಣುವಿನೊಂದಿಗೆ ಕೂಡಿಸಿ, ಬೆಳೆದ ಭ್ರೂಣವನ್ನು ಮತ್ತೆ ಒಳಗಿಡುವುದೊಂದೇ ಉಪಾಯ. ಇಂಗ್ಲೆಂಡಿನಲ್ಲಿ ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೊ ಮತ್ತು ಜೀನ್ ಪರ್ಡಿ ಅದನ್ನೇ ಸಾಧಿಸಿ, 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಹುಟ್ಟಿದ್ದಳು.

ಸುಭಾಷ್ ಹಿಡಿದ ದಾರಿ ಬೇರೆ. ಇಂಗ್ಲೆಂಡಿನವರು ತಿಂಗಳಿಗೆ ಸಹಜವಾಗಿ ಮಾಗುವ ಒಂದೇ ಅಂಡಾಣುವಿಗೆ ಕಾದು, ಹೊಟ್ಟೆಯ ಮೂಲಕ ಲ್ಯಾಪರೊಸ್ಕೋಪ್ ಇಳಿಸಿ ಅದನ್ನು ತೆಗೆದಿದ್ದರು. ಈತ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಹಲವು ಅಂಡಾಣು ಒಟ್ಟಿಗೆ ಮಾಗುವಂತೆ ಮಾಡಿದ. ಅವನ್ನು ಯೋನಿಮಾರ್ಗದಿಂದ ಹೊರತೆಗೆದ. ಹಾರ್ಮೋನಿನಿಂದ ಏರುಪೇರಾದ ಆ ತಿಂಗಳಲ್ಲಿ ಗರ್ಭಕೋಶ ಭ್ರೂಣವನ್ನು ಹಿಡಿದುಕೊಳ್ಳಲಾರದೆಂದು ಊಹಿಸಿ, ಭ್ರೂಣವನ್ನು 53 ದಿನ ಹೆಪ್ಪುಗಟ್ಟಿಸಿಟ್ಟು, ಆಮೇಲಿನ ಋತುಚಕ್ರವೊಂದರಲ್ಲಿ ಒಳಗಿಟ್ಟ. ಹೆಪ್ಪುಗಟ್ಟಿಸಿದ ಭ್ರೂಣದಿಂದ ಮಗು ಹುಟ್ಟಿತೆಂದು ಜಗತ್ತು ಒಪ್ಪಿದ್ದು 1984ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ. ಇಂದು ನಮ್ಮ ಯಾವ ಐವಿಎಫ್ ಕೇಂದ್ರಕ್ಕೆ ಹೋದರೂ ನಡೆಯುವುದು ಬಹುಮಟ್ಟಿಗೆ ಇದೇ ಕ್ರಮ: ಚುಚ್ಚುಮದ್ದು, ಯೋನಿಮಾರ್ಗ, ಹೆಪ್ಪುಗಟ್ಟಿಸುವಿಕೆ. ಸರಳ ಸಲಕರಣೆಗಳನ್ನು ನೆಚ್ಚಿ ಒಬ್ಬ ಮೇಷ್ಟರು ಹೀಗೆ ಮೂರು ಹೆಜ್ಜೆ ಮುಂದೆ ಹೋಗಿದ್ದ ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

1978ರ ಸೆಪ್ಟೆಂಬರಿನ ಕೊನೆಯಲ್ಲಿ ಮಹಾಮಳೆ ಸುರಿದು ಕಲ್ಕತ್ತೆಯ ಬೀದಿಗಳು ಹೊಳೆಯಾಗಿದ್ದವು. ಅಕ್ಟೋಬರ್ 3ರಂದು, ಮಹಾಲಯ ಅಮಾವಾಸ್ಯೆಯ ಮರುದಿನ, ಲೂಯಿಸ್‌ಳಿಗಿಂತ 70 ದಿನ ಕಿರಿಯಳಾಗಿ ಹೆಣ್ಣುಮಗು ಹುಟ್ಟಿತು. ನವರಾತ್ರಿಯ ಹೊಸ್ತಿಲಲ್ಲಿ ಬಂದವಳಿಗೆ ದುರ್ಗಾ ಎಂದೇ ಹೆಸರಾಯಿತು.

ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ನವೆಂಬರಿನಲ್ಲಿ ಪಶ್ಚಿಮ ಬಂಗಾಳ ಸರ್ಕಾರ ವಿಚಾರಣಾ ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ರೇಡಿಯೊ ಭೌತಶಾಸ್ತ್ರದವರು. ಮಾನವ ಭ್ರೂಣವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಅನುಭವವಿದ್ದ ಒಬ್ಬರೂ ಸಮಿತಿಯಲ್ಲಿರಲಿಲ್ಲ. ಲೋಕನಿಂದೆಗೆ ಹೆದರಿದ ತಂದೆತಾಯಿ ಮಗುವನ್ನು ಮುಂದೆ ತಂದು ನಿಲ್ಲಿಸಲು ಒಪ್ಪಲಿಲ್ಲ. ವೈದ್ಯ ಅವರ ಮಾನ ಕಾದ. ಎಲ್ಲವೂ ಕಟ್ಟುಕತೆ ಎಂದು ಸಮಿತಿ ತೀರ್ಪಿತ್ತಿತು. 1979ರಲ್ಲಿ ಜಪಾನಿನ ಕ್ಯೋಟೊದಿಂದ ಆಹ್ವಾನ ಬಂದಾಗ ಹೋಗಲು ಅಪ್ಪಣೆ ಸಿಗಲಿಲ್ಲ. 1981ರ ಜೂನ್‌ನಲ್ಲಿ, ಹಾರ್ಮೋನುಗಳ ಅಧ್ಯಯನಕ್ಕೆ ಬದುಕು ಸವೆಸಿದವನನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. ಅದೇ ತಿಂಗಳ 19ರಂದು ಆತ ತನ್ನ ಪ್ರಾಣ ತಾನೇ ಕಳೆದುಕೊಂಡ. ವಯಸ್ಸು 50. ತಪನ್ ಸಿನ್ಹಾ ಅವರ ‘ಏಕ್ ಡಾಕ್ಟರ್ ಕಿ ಮೌತ್’ ಚಿತ್ರ ಮೂಡಿದ್ದು ಈ ದುರಂತದ ನೆರಳಿನಲ್ಲೇ.

ಅಲ್ಲಿಂದ ಐದು ವರ್ಷ ದೇಶ ಸುಮ್ಮನಿತ್ತು. 1986ರ ಆಗಸ್ಟ್ 6ರಂದು ಬೊಂಬಾಯಿಯ ಕೆಇಎಂ ಆಸ್ಪತ್ರೆಯಲ್ಲಿ ಹರ್ಷಾ ಎಂಬ ಮಗು ಹುಟ್ಟಿ, ದೇಶದ ಮೊದಲ ಪ್ರನಾಳ ಶಿಶು ಎನಿಸಿಕೊಂಡಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್ ಮತ್ತು ವೈದ್ಯೆ ಇಂದಿರಾ ಹಿಂದುಜಾ ಅದರ ರೂವಾರಿಗಳು. ಕೆಇಎಂ ಪಾಲಿಕೆಯ ಆಸ್ಪತ್ರೆ, ಬಡವರು ಸಾಲು ನಿಲ್ಲುವ ಜಾಗ. ಈ ವಿದ್ಯೆ ಸರ್ಕಾರಿ ಆಸ್ಪತ್ರೆಗಳ ಮೂಲಕ ಜಿಲ್ಲೆ ಜಿಲ್ಲೆಗೆ ಇಳಿಯಬಹುದಾಗಿದ್ದ ಗಳಿಗೆಯೊಂದಿದ್ದರೆ ಅದು ಇದೇ. ಇಳಿಯಲಿಲ್ಲ. ಸರ್ಕಾರದ ಕಣ್ಣು ಇನ್ನೂ ಹೆರಿಗೆ ತಗ್ಗಿಸುವುದರಲ್ಲೇ ನೆಟ್ಟಿತ್ತು. ಮಕ್ಕಳನ್ನು ಕೊಡುವ ಚಿಕಿತ್ಸೆಗೆ ಬೊಕ್ಕಸದ ಹಣ ಸುರಿಯುವುದು ಅದಕ್ಕೆ ವಿಪರೀತವಾಗಿ ಕಂಡಿತು. ಹೀಗಾಗಿ ವಿದ್ಯೆ ಖಾಸಗಿ ನರ್ಸಿಂಗ್ ಹೋಮ್‌ಗಳ ಕೈಸೇರಿತು. ಬ್ರಸೆಲ್ಸ್‌ನಲ್ಲಿ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಕ್ರಮ 1992ರಲ್ಲಿ ಪ್ರಕಟವಾದ ಮೇಲೆ ಗಂಡಸಿನ ದೋಷಕ್ಕೂ ಮದ್ದು ಸಿಕ್ಕಿತು, ಗಂಡಂದಿರೂ ಕೇಂದ್ರಗಳ ಮೆಟ್ಟಿಲು ಹತ್ತಿದರು. ಬೆಂಗಳೂರು, ಚೆನ್ನೈ, ಹೈದರಾಬಾದುಗಳಲ್ಲಿ ಫಲಕಗಳು ಎದ್ದವು. ಫಲಿಸುವ ಭರವಸೆಯಿಲ್ಲದ ಒಂದೊಂದು ಸುತ್ತಿಗೂ ಜನ ಒಡವೆ ಅಡವಿಟ್ಟರು, ಹೊಲ ಮಾರಿದರು.

ಈ ಕಾಲದ ಒಂದು ನಡೆಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ನಿವೃತ್ತರಾಗಿ ಬೆಂಗಳೂರಿಗೆ ಬಂದಿದ್ದ ಆನಂದ್ ಕುಮಾರ್ ಅವರ ಕೈಗೆ ಸುಭಾಷ್‌ನ ಟಿಪ್ಪಣಿಗಳು ಬಂದವು. ಓದಿದರು, ದುರ್ಗೆಯ ತಂದೆತಾಯಿಯನ್ನು ವಿಚಾರಿಸಿದರು. 1997ರಲ್ಲಿ, ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ಸುಭಾಷ್ ಎಂದು ಬರೆದರು. ಮೊದಲಿಗನೆಂಬ ಕೀರ್ತಿ ಅದುವರೆಗೆ ಅವರದೇ ಆಗಿತ್ತು. ಅದನ್ನು ಸತ್ತವನಿಗೆ ಒಪ್ಪಿಸಿದರು. ವೈದ್ಯಕೀಯ ಸಂಶೋಧನಾ ಮಂಡಳಿಯ 2005ರ ಮಾರ್ಗಸೂಚಿಯಲ್ಲಿ ದುರ್ಗೆಯ ಜನನ ದಾಖಲಾಯಿತು.

ಅಷ್ಟರಲ್ಲಿ ಬಾಡಿಗೆ ತಾಯ್ತನದ ಯುಗ ಬಂದಿತ್ತು. ಗುಜರಾತಿನ ಆಣಂದ್, ಹಾಲಿಗೆ ಹೆಸರಾದ ಊರು, ಪರದೇಶದ ದಂಪತಿಗಳು ಹುಡುಕಿಕೊಂಡು ಬರುವ ತಾಣವಾಯಿತು. 2008ರಲ್ಲಿ ಜಪಾನಿ ದಂಪತಿಗಾಗಿ ಹುಟ್ಟಿದ ಮಂಜಿ ಎಂಬ ಕೂಸು, ಅವರು ವಿಚ್ಛೇದನ ಪಡೆದಿದ್ದರಿಂದ ಯಾವ ದೇಶಕ್ಕೂ ಸೇರದೆ ಸಿಕ್ಕಿಬಿದ್ದು, ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿತು. 2015ರಲ್ಲಿ ಪರದೇಶದವರಿಗೆ ಬಾಗಿಲು ಮುಚ್ಚಿತು.

ದೇಶದ ಎಣಿಕೆಯೂ ಇಷ್ಟರಲ್ಲಿ ಮಗುಚಿತ್ತು. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 3.4 ಮಕ್ಕಳಿದ್ದರೆ, 2019–21ರಲ್ಲಿ 2.0, ಕರ್ನಾಟಕದಲ್ಲಿ 1.7. ಹೆರಿಗೆ ತಗ್ಗಿಸುವ ಹಳೆಯ ಗುರಿ ಕೈಗೂಡಿದ ಆ ಹೊತ್ತಿಗೇ, 2021ರ ಡಿಸೆಂಬರಿನಲ್ಲಿ, ಸಂತಾನ ನೆರವಿನ ತಂತ್ರಜ್ಞಾನಕ್ಕೊಂದು, ಬಾಡಿಗೆ ತಾಯ್ತನಕ್ಕೊಂದು ಎಂದು ಎರಡು ಕಾಯ್ದೆಗಳು ಬಂದವು. ಪ್ರತಿ ಕೇಂದ್ರವೂ ನೋಂದಾಯಿಸಿಕೊಳ್ಳಬೇಕು. ಚಿಕಿತ್ಸೆಗೆ ಹೆಣ್ಣಿಗೆ 50, ಗಂಡಿಗೆ 55 ವಯಸ್ಸಿನ ಮಿತಿ. ಅಂಡಾಣು ಕೊಡುವವಳು ಬದುಕಿನಲ್ಲಿ ಒಮ್ಮೆ ಮಾತ್ರ ಕೊಡಬೇಕು. ಹಣಕ್ಕಾಗಿ ಹೆರುವುದು ನಿಷಿದ್ಧ. ಶೋಷಣೆ ತಡೆಯುವ ಈ ನಿಯಮಗಳನ್ನು ನಾನು ಸ್ವಾಗತಿಸುತ್ತೇನೆ. ಕೈಯಲ್ಲಿ ಕಾಸಿಲ್ಲದ ದಂಪತಿಗೆ ಈ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ದೊರೆಯಬೇಕೆಂಬ ಮಾತು ಮಾತ್ರ ಅವೆರಡರಲ್ಲೂ ಇಲ್ಲ.