ಸ್ಥಿರಸ್ವತ್ತಿನ ಕ್ರಯ: ಸಮ್ಮತಿಯಿಂದ ನೋಂದಣಿಗೆ

ಮನೆ, ನಿವೇಶನಗಳ ಬೆಲೆ ನಿಷ್ಕರ್ಷೆಯಾದ ಮಾತ್ರಕ್ಕೆ ಕ್ರಯವು ಪೂರ್ಣಗೊಳ್ಳುವುದಿಲ್ಲ. ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076-1126) ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ ವ್ಯಾಖ್ಯಾನವು ಭೂಮಿಯ ಹಸ್ತಾಂತರದ ಆರು ಅಂಗಗಳನ್ನು ವಿವೇಚಿಸುತ್ತದೆ: ಗ್ರಾಮಸ್ಥರು, ಜ್ಞಾತಿಗಳು, ನೆರೆಯವರು, ದಾಯಾದರು ಇವರ ಸಮ್ಮತಿ, ಹಿರಣ್ಯ ಮತ್ತು ಉದಕಗಳ ದಾನ. ಸ್ಥಾವರದ ವಿಕ್ರಯವು ನಿಷಿದ್ಧವೆನಿಸಿದ್ದುದರಿಂದ ಅದಕ್ಕೆ ದಾನದ ರೂಪವನ್ನು ಕೊಡಬೇಕಾಗಿತ್ತು. ಗ್ರಾಮಸ್ಥರ ಸಮ್ಮತಿ ವ್ಯವಹಾರದ ಪ್ರಕಟಣೆಗಾಗಿ, ನೆರೆಯವರದು ಎಲ್ಲೆಯ ವಿವಾದ ತಪ್ಪಿಸಲಿಕ್ಕಾಗಿ. ಗ್ರಾಮಸ್ಥರ ಸಮ್ಮತಿಯಿಲ್ಲದಿದ್ದರೂ ವ್ಯವಹಾರವು ಅಸಿಂಧುವಾಗದೆಂಬುದು ಆತನ ನಿಲುವು.

ಬ್ರಿಟಿಷ್ ಆಡಳಿತದ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಪ್ರಕರಣವು 100 ರೂಪಾಯಿ ಹಾಗೂ ಮೇಲ್ಪಟ್ಟ ಮೌಲ್ಯದ ಸ್ಥಿರಸ್ವತ್ತಿನ ಕ್ರಯಕ್ಕೆ ನೋಂದಾಯಿತ ಪತ್ರವನ್ನು ಕಡ್ಡಾಯಗೊಳಿಸಿತು. ಕ್ರಯದ ಕರಾರೊಂದರಿಂದಲೇ ಸ್ವತ್ತಿನಲ್ಲಿ ಹಕ್ಕು ಹುಟ್ಟದೆಂದೂ ವಿಧಿಸಿತು. ಹೀಗೆ, ಮಿತಾಕ್ಷರೆಯಲ್ಲಿ ಅನುಕೂಲವೆನಿಸಿದ್ದ ಪ್ರಕಟಣೆಯು ಇಲ್ಲಿ ಸಿಂಧುತ್ವದ ನಿಬಂಧನೆಯಾಯಿತು. ಮುಂಗಡ ಕೊಟ್ಟವನು ಕ್ರಯಪತ್ರ ನೋಂದಣಿಯಾಗುವವರೆಗೆ ಮನೆಯ ಒಡೆಯನಾಗನು.