ದೋಣಿಯ ಫೆಂಡರ್

ಫೆಂಡರ್ ಎಂದರೆ ದಡಕ್ಕೆ ಕಟ್ಟಿ ನಿಲ್ಲಿಸಿದ ದೋಣಿಯು ದಕ್ಕೆಯ ಗೋಡೆಗೆ, ಕಂಬಕ್ಕೆ ಅಥವಾ ಪಕ್ಕದ ದೋಣಿಗೆ ಬಡಿದು ಹಾನಿಗೊಳ್ಳದಂತೆ ನಡುವೆ ತೂಗುಹಾಕುವ ಮೆತ್ತನೆಯ ಸಾಧನ. ಗಾಳಿ ತುಂಬಿದ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಫೆಂಡರುಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆಯಾದರೂ, ಮೀನುಗಾರರು ಮತ್ತು ಸಣ್ಣ ದೋಣಿಗಳ ಮಾಲೀಕರು ಇದನ್ನು ಬಹುಮಟ್ಟಿಗೆ ಹಳೆಯ ಟೈರು, ಹಗ್ಗ, ತೆಂಗಿನ ನಾರು ಮುಂತಾದ ಸುಲಭವಾಗಿ ಸಿಗುವ ವಸ್ತುಗಳಿಂದ ತಾವೇ ಸಿದ್ಧಪಡಿಸಿಕೊಳ್ಳುತ್ತಾರೆ. ಕರ್ನಾಟಕದ ಮೀನುಗಾರಿಕಾ ಬಂದರುಗಳಲ್ಲಿ ದೋಣಿಗಳ ಪಕ್ಕೆಗಳಲ್ಲಿ ಸಾಲಾಗಿ ತೂಗುವ ಹಳೆಯ ಟೈರುಗಳು ಇದರ ಅತ್ಯಂತ ಪರಿಚಿತ ರೂಪ.

ಅಗತ್ಯ

ನಿಂತ ದೋಣಿ ನಿಶ್ಚಲವಾಗಿರುವುದಿಲ್ಲ. ಅಲೆ, ಗಾಳಿ, ಉಬ್ಬರವಿಳಿತ ಮತ್ತು ಪಕ್ಕದಲ್ಲಿ ಹಾದುಹೋಗುವ ದೋಣಿಗಳು ಎಬ್ಬಿಸುವ ತೆರೆಗಳಿಂದ ಅದು ಹಗಲಿರುಳು ಮೇಲೆ ಕೆಳಗೆ, ಹಿಂದೆ ಮುಂದೆ ಆಡುತ್ತಿರುತ್ತದೆ. ಒಂದು ದೊಡ್ಡ ಹೊಡೆತಕ್ಕಿಂತ ಸಾವಿರಾರು ಸಣ್ಣ ಉಜ್ಜುವಿಕೆಗಳೇ ಹೆಚ್ಚಿನ ಹಾನಿಯನ್ನುಂಟುಮಾಡುತ್ತವೆ. ಮರದ ದೋಣಿಯಲ್ಲಿ ಹಲಗೆಗಳ ಅಂಚು ಸವೆದು, ಸಂದುಗಳಿಗೆ ತುಂಬಿದ ವಸ್ತು ಸಡಿಲಗೊಂಡು ನೀರು ಒಸರತೊಡಗುತ್ತದೆ. ಫೈಬರ್ ಗ್ಲಾಸ್ ದೋಣಿಯಲ್ಲಿ ಹೊರಮೈಯ ನುಣುಪಾದ ಪದರ ಬಿರುಕು ಬಿಟ್ಟು ನೀರು ಒಳಪದರಗಳಿಗೆ ಇಳಿಯುತ್ತದೆ. ಉಕ್ಕಿನ ದೋಣಿಯಲ್ಲಿ ಬಣ್ಣ ಕಿತ್ತುಹೋದ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಸಾಲ ಮಾಡಿ ದೋಣಿ ಕಟ್ಟಿಸಿದ ಕುಟುಂಬಕ್ಕೆ ಇಂತಹ ದುರಸ್ತಿಯೆಂದರೆ ಖರ್ಚು ಮಾತ್ರವಲ್ಲ, ದುಡಿಮೆಯ ದಿನಗಳ ನಷ್ಟವೂ ಹೌದು.

ಕಾರ್ಯತತ್ತ್ವ

ಫೆಂಡರು ದೋಣಿಯ ಚಲನೆಯನ್ನು ಒಮ್ಮೆಗೇ ತಡೆಯುವುದಿಲ್ಲ. ಅದು ನಿಲ್ಲಲು ಬೇಕಾದ ದೂರವನ್ನು ಒದಗಿಸುತ್ತದೆ. ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ದ್ರವ್ಯರಾಶಿ ಮತ್ತು ವೇಗದ ವರ್ಗದ ಗುಣಲಬ್ಧದ ಅರ್ಧಕ್ಕೆ ಸಮ. 5 ಟನ್ ತೂಕದ ದೋಣಿಯೊಂದು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ದಕ್ಕೆಗೆ ತಾಗಿದರೆ ಅದರ ಚಲನಶಕ್ತಿ 625 ಜೂಲ್. ಈ ಶಕ್ತಿಯು 1 ಸೆಂಟಿಮೀಟರ್ ದೂರದಲ್ಲಿ ಕರಗಬೇಕಾದರೆ ದೋಣಿಯ ಮೈಮೇಲೆ ಬೀಳುವ ಸರಾಸರಿ ಬಲ 62,500 ನ್ಯೂಟನ್, ಅಂದರೆ ಆರು ಟನ್ನಿಗೂ ಹೆಚ್ಚಿನ ಭಾರಕ್ಕೆ ಸಮ. ನಡುವೆ ಫೆಂಡರಿದ್ದು ಅದು 10 ಸೆಂಟಿಮೀಟರ್ ಕುಗ್ಗಿದರೆ ಬಲವು ಹತ್ತರಲ್ಲಿ ಒಂದು ಪಾಲಿಗೆ, ಅಂದರೆ 6,250 ನ್ಯೂಟನ್ನಿಗೆ ಇಳಿಯುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಶಕ್ತಿಯೇ ಕಾಲುಭಾಗವಾಗುತ್ತದೆ. ಆದುದರಿಂದ ಒಳ್ಳೆಯ ಫೆಂಡರಿನಷ್ಟೇ ನಿಧಾನವಾಗಿ ದಡಕ್ಕೆ ಬರುವುದೂ ಮುಖ್ಯ.

ಇದರಿಂದ ತಿಳಿಯುವ ಮತ್ತೊಂದು ಅಂಶವೆಂದರೆ, ಕೇವಲ ಗಟ್ಟಿಯಾದ ವಸ್ತು ಉತ್ತಮ ಫೆಂಡರಾಗದು. ಕುಗ್ಗದ ಮರದ ತುಂಡು ಉಜ್ಜುವಿಕೆಯನ್ನು ತಡೆಯಬಲ್ಲದೇ ಹೊರತು ಹೊಡೆತವನ್ನು ತಗ್ಗಿಸಲಾರದು. ತೀರ ಮೆತ್ತಗಿರುವ ವಸ್ತುವೂ ಪೂರ್ತಿ ಅಪ್ಪಚ್ಚಿಯಾಗಿ ನಿಷ್ಪ್ರಯೋಜಕವಾಗುತ್ತದೆ.

ಇತಿಹಾಸ

ಹಾಯಿಹಡಗುಗಳ ಕಾಲದಲ್ಲಿ ಬಳಕೆಗೆ ಬಾರದ ಹಳೆಯ ಹಗ್ಗಗಳನ್ನು ಕಂತೆ ಕಟ್ಟಿ, ಮೇಲೆ ಮತ್ತೆ ಹಗ್ಗದಿಂದ ಹೆಣೆದು ಫೆಂಡರುಗಳನ್ನು ಮಾಡುತ್ತಿದ್ದರು. ಹಡಗಿನ ಆಳುಗಳು ಬಿಡುವಿನಲ್ಲಿ ಮಾಡುತ್ತಿದ್ದ ಕೈಕೆಲಸಗಳಲ್ಲಿ ಇದೂ ಒಂದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ಕಂಡುಹಿಡಿದನು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ರೂಪಿಸಿದನು. ಮೋಟಾರು ವಾಹನಗಳು ಹೆಚ್ಚಿದಂತೆ ಸವೆದ ಟೈರುಗಳೂ ಎಲ್ಲೆಡೆ ದೊರೆಯತೊಡಗಿ, ಬಂದರುಗಳಲ್ಲಿ ಹಗ್ಗದ ಫೆಂಡರಿನ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದವು.

ಕರ್ನಾಟಕದಲ್ಲಿ

ಕಾರವಾರ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ ಮತ್ತು ಮಂಗಳೂರು ರಾಜ್ಯದ ಪ್ರಮುಖ ಮೀನುಗಾರಿಕಾ ತಾಣಗಳು. ದೋಣಿ ತಂಗುವ, ಸರಕು ಇಳಿಸುವ ಕಟ್ಟೆಗೆ ಕರಾವಳಿಯಲ್ಲಿ ‘ದಕ್ಕೆ’ ಎಂಬ ಹೆಸರಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ ಅವಧಿಯಲ್ಲಿ ದೋಣಿಗಳು ಒಂದರ ಪಕ್ಕ ಒಂದರಂತೆ ಒತ್ತೊತ್ತಾಗಿ ನಿಲ್ಲುತ್ತವೆ. ಮುಂಗಾರಿನ ಗಾಳಿ ಮಳೆಯೂ ಇದೇ ಕಾಲದ್ದಾದ್ದರಿಂದ ದೋಣಿಗೆ ದೋಣಿ ತಾಗುವುದು ಹೆಚ್ಚು. ಹೀಗಾಗಿ ಕಡಲಿಗಿಳಿಯದ ಈ ಎರಡು ತಿಂಗಳುಗಳಲ್ಲಿಯೇ ಫೆಂಡರಿನ ಕೆಲಸ ಹೆಚ್ಚು.

ಒಳನಾಡಿನ ಹರಿಗೋಲಿಗೆ ಫೆಂಡರ್ ಬೇಕಾಗುವುದಿಲ್ಲ. ಬಿದಿರಿನ ಹೆಣಿಗೆಯ ಈ ದುಂಡನೆಯ ದೋಣಿಗೆ ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಕೆಲಸ ಮುಗಿದೊಡನೆ ಅದನ್ನು ನೀರಿನಿಂದ ಎತ್ತಿ ದಡದ ಮೇಲೆ ಬೋರಲು ಹಾಕುವುದೇ ಅದರ ರಕ್ಷಣೆ. ಹಂಪಿಯ ಬಳಿ ತುಂಗಭದ್ರೆಯಲ್ಲಿ ಇಂದಿಗೂ ಈ ಪದ್ಧತಿಯನ್ನು ಕಾಣಬಹುದು. ಎತ್ತಲಾಗದಷ್ಟು ಭಾರವಾದ ದೋಣಿ ನೀರಿನಲ್ಲೇ ಉಳಿಯಬೇಕಾದಾಗ ಫೆಂಡರಿನ ಅಗತ್ಯ ಬೀಳುತ್ತದೆ.

ತೆಂಗಿನ ನಾರಿನ ಬಳಕೆ

ಹಗ್ಗದ ಫೆಂಡರಿಗೆ ಕರ್ನಾಟಕದಲ್ಲಿ ಸುಲಭವಾಗಿ ದೊರೆಯುವ ವಸ್ತು ತೆಂಗಿನ ನಾರು. ಇದರಲ್ಲಿ ಲಿಗ್ನಿನ್ ಅಂಶ ಹೆಚ್ಚಾಗಿರುವುದರಿಂದ ಉಪ್ಪುನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ಒತ್ತಿದರೆ ಕುಗ್ಗಿ ಮತ್ತೆ ಉಬ್ಬುವ ಗುಣವೂ ಇದಕ್ಕಿದೆ. ಹಸಿಮಟ್ಟೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ನೆನೆಹಾಕಿ ಬಡಿದು ತೆಗೆಯುವುದು ಬಿಳಿ ನಾರು. ಒಣಮಟ್ಟೆಯಿಂದ ಯಂತ್ರದ ಮೂಲಕ ಬಿಡಿಸುವುದು ಕಂದು ನಾರು. ಹಾಸನ ಜಿಲ್ಲೆಯ ಕಣಕಟ್ಟೆ ಹೋಬಳಿಯೂ ಸೇರಿದಂತೆ ಅರಸೀಕೆರೆ ತಾಲ್ಲೂಕು ಮತ್ತು ನೆರೆಯ ತಿಪಟೂರು ಸೀಮೆ ಉಂಡೆ ಕೊಬ್ಬರಿಗೆ ಹೆಸರಾದ ತೆಂಗಿನ ನಾಡು. ಕೊಬ್ಬರಿಗಾಗಿ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದಲ್ಲಿರಿಸಿ ಸುಲಿಯುವುದರಿಂದ ಇಲ್ಲಿ ದೊರೆಯುವುದು ಬಹುಪಾಲು ಒಣಮಟ್ಟೆ. ದೋಣಿ ನಿಲ್ಲಿಸುವ ಹೊಳೆಯಿಲ್ಲದ ಈ ಬಯಲುಸೀಮೆಯ ಮಟ್ಟೆಯೂ ಹೀಗೆ ಕರಾವಳಿಯ ದೋಣಿಗೆ ಒದಗುವ ನಾರಿನ ಮೂಲವಾಗಬಲ್ಲದು.

ತಯಾರಿಕೆ

ಟೈರಿನ ಫೆಂಡರ್: ಸಣ್ಣ ದೋಣಿಗೆ ಸ್ಕೂಟರ್ ಟೈರು, ದೊಡ್ಡದಕ್ಕೆ ಕಾರು ಅಥವಾ ಲಾರಿ ಟೈರು ಸೂಕ್ತ. ಉಕ್ಕಿನ ತಂತಿ ಹೊರಬಂದಿರುವ ಟೈರನ್ನು ಬಳಸಬಾರದು. ಅದು ದೋಣಿಯ ಮೈಯನ್ನು ಗೀರುತ್ತದೆ, ಕೈಯನ್ನೂ ಕೊಯ್ಯುತ್ತದೆ. ಟೈರನ್ನು ಸೋಪಿನ ನೀರಿನಲ್ಲಿ ತೊಳೆದು, ತೂಗುಹಾಕಿದಾಗ ಕೆಳಗೆ ಬರುವ ಭಾಗದಲ್ಲಿ ಎರಡು ಮೂರು ತೂತುಗಳನ್ನು ಕೊರೆಯಬೇಕು. ಹಗ್ಗವು ಟೈರಿಗೆ ಉಜ್ಜುವ ಜಾಗದಲ್ಲಿ ಹಳೆಯ ನೀರಿನ ಪೈಪಿನ ತುಂಡನ್ನು ಪೋಣಿಸಿದರೆ ಹಗ್ಗ ಬೇಗ ಸವೆಯುವುದಿಲ್ಲ. ಟೈರಿನ ಕಪ್ಪು ಕಲೆ ದೋಣಿಗೆ ಅಂಟದಂತೆ ಸುತ್ತಲೂ ದಪ್ಪ ಕ್ಯಾನ್ವಾಸ್ ಬಟ್ಟೆ ಅಥವಾ ಹಗ್ಗವನ್ನು ಸುತ್ತಬಹುದು.

ಹಗ್ಗದ ಫೆಂಡರ್: ಗಟ್ಟಿಯಾದ ಒಂದು ಹಗ್ಗವನ್ನು ಎರಡಾಗಿ ಮಡಚಿ, ಮಡಿಕೆಯ ತುದಿಯಲ್ಲಿ ಕುಣಿಕೆಯನ್ನು ಉಳಿಸಿಕೊಳ್ಳಬೇಕು. ಈ ಹಗ್ಗವನ್ನು ನಡುವಿಟ್ಟು, ಸುತ್ತಲೂ 45ರಿಂದ 60 ಸೆಂಟಿಮೀಟರ್ ಉದ್ದದ ಹಳೆಯ ಹಗ್ಗದ ತುಂಡುಗಳನ್ನೋ ನಾರಿನ ಕಂತೆಯನ್ನೋ ಜೋಡಿಸಿ ಬಿಗಿಯಾಗಿ ಕಟ್ಟಲಾಗುತ್ತದೆ. ನಡುಭಾಗ ದಪ್ಪನಾಗಿಯೂ ತುದಿಗಳು ಕಿರಿದಾಗಿಯೂ ಇರಬೇಕು. ಬಳಿಕ ತೆಂಗಿನ ಹುರಿಯನ್ನು ಮೇಲಿನಿಂದ ಕೆಳಗೆ ಸುತ್ತುತ್ತ, ಪ್ರತಿಯೊಂದು ಸುತ್ತನ್ನೂ ಹಿಂದಿನ ಸುತ್ತಿನ ಕೆಳಗೆ ಹಾಯಿಸಿ ಎಳೆದು ಹೆಣೆಯಲಾಗುತ್ತದೆ. ಒಂದೆಡೆ ಹುರಿ ಹರಿದರೂ ಪೂರ್ತಿ ಬಿಚ್ಚಿಕೊಳ್ಳದಂತೆ ಈ ಹೆಣಿಗೆ ತಡೆಯುತ್ತದೆ. ಒದ್ದೆಯಾದಾಗ ಇದು ಭಾರವಾಗುವುದರಿಂದ ಆಗಾಗ ಬಿಸಿಲಿಗೆ ಒಣಗಿಸುವುದು ಅಗತ್ಯ.

ಇತರ ವಿಧಗಳು: ಉಪಯೋಗ ಮುಗಿದ ಅಗ್ನಿಶಾಮಕ ಮೆದುಗೊಳವೆಯನ್ನು ತುಂಡರಿಸಿ, ಒಳಗೆ ನಾರು ತುಂಬಿ ಎರಡೂ ತುದಿಗಳನ್ನು ಹೊಲಿಯಬಹುದು. ಮುಚ್ಚಳ ಬಿಗಿದ ಪ್ಲಾಸ್ಟಿಕ್ ಬಾಟಲಿಗಳನ್ನು ಬಲೆಯ ಚೀಲದಲ್ಲಿ ತುಂಬಿದರೆ ಹಗುರವಾದ ದೋಣಿಗೆ ಸಾಕಾಗುತ್ತದೆ. ಭಾರದ ದೋಣಿಗೆ ಅವು ಒಡೆದುಹೋಗುತ್ತವೆ. ದಕ್ಕೆಯಲ್ಲಿ ಸಮತಟ್ಟಾದ ಗೋಡೆಯಿಲ್ಲದೆ ಕಂಬಗಳಷ್ಟೇ ಇದ್ದಲ್ಲಿ, ಎರಡು ಫೆಂಡರುಗಳ ಹೊರಗೆ ಅಡ್ಡಲಾಗಿ ಹಲಗೆಯೊಂದನ್ನು ತೂಗುಹಾಕುತ್ತಾರೆ. ಆಗ ಕಂಬವು ಹಲಗೆಗೆ ತಾಗುತ್ತದೆ, ಹಲಗೆಯ ಒತ್ತಡವನ್ನು ಫೆಂಡರುಗಳು ಹೊರುತ್ತವೆ.

ಅಳತೆ ಮತ್ತು ಕಟ್ಟುವ ಕ್ರಮ

ಉರುಳೆಯಾಕಾರದ ಫೆಂಡರಿನ ವ್ಯಾಸವು ದೋಣಿಯ ಪ್ರತಿ 1.25 ಮೀಟರ್ ಉದ್ದಕ್ಕೆ ಸುಮಾರು 2.5 ಸೆಂಟಿಮೀಟರ್ ಇರಬೇಕೆಂಬುದು ರೂಢಿಯ ಲೆಕ್ಕ. ಇದರಂತೆ 9 ಮೀಟರ್ ಉದ್ದದ ದೋಣಿಗೆ ಸುಮಾರು 18 ಸೆಂಟಿಮೀಟರ್ ದಪ್ಪದ ಫೆಂಡರ್ ಬೇಕಾಗುತ್ತದೆ. ದಕ್ಕೆಯ ಕಡೆಗೆ ಕನಿಷ್ಠ ಮೂರು ಫೆಂಡರುಗಳಿರಬೇಕು: ದೋಣಿಯ ಅತ್ಯಂತ ಅಗಲವಾದ ಭಾಗದಲ್ಲಿ ಒಂದು, ಅದರ ಹಿಂದೆ ಮುಂದೆ ಒಂದೊಂದು. ಫೆಂಡರನ್ನು ತೆಳುವಾದ ಕೈಕಂಬಿಗೆ ಕಟ್ಟದೆ, ಹಗ್ಗ ಕಟ್ಟಲೆಂದೇ ಇರುವ ಗಟ್ಟಿ ಗೂಟಕ್ಕೆ ಕಟ್ಟಬೇಕು. ಅದು ದೋಣಿಯೂ ದಕ್ಕೆಯೂ ನಿಜವಾಗಿ ತಾಗುವ ಎತ್ತರದಲ್ಲಿರಬೇಕು.

ಈ ಎತ್ತರವು ಉಬ್ಬರವಿಳಿತದೊಂದಿಗೆ ಬದಲಾಗುತ್ತದೆ. ಮಂಗಳೂರಿನಲ್ಲಿ ಉಬ್ಬರವಿಳಿತದ ಅಂತರ ಎರಡು ಮೀಟರಿಗಿಂತ ಕಡಿಮೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದು ಎಂಟು ಮೀಟರನ್ನೂ ಮೀರುತ್ತದೆ. ಅಂತರ ಕಡಿಮೆಯಿದ್ದರೂ, ಉಬ್ಬರದಲ್ಲಿ ಸರಿಯಾಗಿದ್ದ ಫೆಂಡರು ಇಳಿತದಲ್ಲಿ ದಕ್ಕೆಯ ಅಂಚಿನಿಂದ ಜಾರಿ ವ್ಯರ್ಥವಾಗಬಹುದು. ದೋಣಿಯು ಹಿಂದೆ ಮುಂದೆ ಸರಿಯದಂತೆ ಓರೆಯಾಗಿ ಕಟ್ಟುವ ಹಗ್ಗಗಳಿಲ್ಲದಿದ್ದರೆ ಫೆಂಡರು ತನ್ನ ಜಾಗದಿಂದ ಉರುಳಿಹೋಗುತ್ತದೆ. ಆದುದರಿಂದ ಫೆಂಡರ್ ಮತ್ತು ಕಟ್ಟುಹಗ್ಗ ಒಂದೇ ವ್ಯವಸ್ಥೆಯ ಎರಡು ಅಂಗಗಳು.

ಎಚ್ಚರಿಕೆಗಳು

ದಡಕ್ಕೆ ಬರುತ್ತಿರುವ ದೋಣಿಯನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ತಡೆಯಲು ಯತ್ನಿಸುವುದು ಅಪಾಯಕರ. ಮೇಲಿನ ಲೆಕ್ಕದಲ್ಲಿ ಕಂಡಂತೆ, ನಿಧಾನವಾಗಿ ಬರುವ ದೋಣಿಯೂ ಮೂಳೆ ಮುರಿಯುವಷ್ಟು ಬಲವನ್ನು ಹೊಂದಿರುತ್ತದೆ. ಫೆಂಡರು ಜಾಗ ತಪ್ಪಿದ್ದರೆ ಅದನ್ನು ಹಗ್ಗದಿಂದ ಸರಿಸಬೇಕೇ ಹೊರತು ದೋಣಿ ಮತ್ತು ಗೋಡೆಯ ನಡುವೆ ಕೈ ಇಡಬಾರದು.

ತೂತು ಕೊರೆಯದ ಟೈರಿನಲ್ಲಿ ಮಳೆನೀರು ನಿಂತು, ಡೆಂಗಿ ಮತ್ತು ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆಗಳು ಬೆಳೆಯುತ್ತವೆ. ದಡದಲ್ಲಿ ರಾಶಿ ಹಾಕಿದ ಟೈರುಗಳಿಂದಲೂ ಇದೇ ಅಪಾಯ. ಹಗ್ಗ ಹರಿದು ನೀರಿಗೆ ಬಿದ್ದ ಟೈರು ಮುಳುಗುತ್ತದೆ, ಕೊಳೆಯುವುದಿಲ್ಲ. ಟೈರಿಗೆ ಸೇರಿಸುವ ರಾಸಾಯನಿಕವೊಂದರಿಂದ ಉಂಟಾಗುವ ವಸ್ತುವು ಕೋಹೋ ಸಾಲ್ಮನ್ ಮೀನುಗಳಿಗೆ ಮಾರಕವೆಂದು ಅಮೆರಿಕದ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಆದುದರಿಂದ ಟೈರಿಗೆ ಎರಡು ಹಗ್ಗಗಳನ್ನು ಕಟ್ಟಿ, ಸವೆದ ಹಗ್ಗವನ್ನು ಹರಿಯುವ ಮೊದಲೇ ಬದಲಿಸುವುದು ದೋಣಿಗೂ ಮೀನಿಗೂ ಹಿತ. ದೋಣಿ ಹೊರಟೊಡನೆ ಫೆಂಡರುಗಳನ್ನು ಒಳಗೆಳೆದುಕೊಳ್ಳುವುದು ರೂಢಿ; ತೂಗಾಡುವ ಫೆಂಡರು ಬಲೆಗೂ ಹಗ್ಗಕ್ಕೂ ಸಿಕ್ಕಿಕೊಳ್ಳಬಹುದು.

ಇವನ್ನೂ ನೋಡಿ

ಹರಿಗೋಲು
ಮಲ್ಪೆ
ತೆಂಗಿನ ನಾರು
ಉಬ್ಬರವಿಳಿತ