ಗಾವೊಕಾವೊ

ಚೀನಾದಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕಾಗಿ ಪ್ರತಿ ವರ್ಷ ಜೂನ್‌ನಲ್ಲಿ ನಡೆಯುವ ರಾಷ್ಟ್ರೀಯ ಪರೀಕ್ಷೆ. 1952ರಲ್ಲಿ ಆರಂಭವಾಯಿತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಎಂಬ ರಾಜಕೀಯ ಆಂದೋಲನ ಇದನ್ನು ನಿಲ್ಲಿಸಿತು. ಮುಂದೆ ಕಾಲೇಜುಗಳು ಮತ್ತೆ ತೆರೆದಾಗ ಅಂಕಗಳ ಜಾಗದಲ್ಲಿ ರಾಜಕೀಯ ಶಿಫಾರಸು ಕೂತಿತು. ನಗರದ ಲಕ್ಷಾಂತರ ತರುಣ ತರುಣಿಯರನ್ನು ಹಳ್ಳಿಗಳ ದುಡಿಮೆಗೆ ಕಳಿಸಲಾಯಿತು. 1977ರಲ್ಲಿ ನಾಯಕ ಡೆಂಗ್ ಶಿಯಾವೊಪಿಂಗ್ ಪರೀಕ್ಷೆಯನ್ನು ಮರಳಿ ತಂದರು. ಆ ಚಳಿಗಾಲದಲ್ಲಿ ಸುಮಾರು 57 ಲಕ್ಷ ಜನ ಬರೆದರು. ಸೀಟು ಸಿಕ್ಕಿದ್ದು ಸುಮಾರು 2.7 ಲಕ್ಷ ಮಂದಿಗೆ. ಹತ್ತು ವರ್ಷ ಕಾದು ಕಾದು ಮೂವತ್ತರ ಹತ್ತಿರ ಬಂದಿದ್ದವರು ಹದಿಹರೆಯದವರ ಜೊತೆ ಒಂದೇ ಕೊಠಡಿಯಲ್ಲಿ ಕೂತು ಉತ್ತರ ಬರೆದರು. ಆಧುನಿಕ ಚೀನಾದ ಶಿಕ್ಷಣ ಸುಧಾರಣೆಗಳಲ್ಲಿ ಇಷ್ಟು ಬದುಕುಗಳನ್ನು ತಿರುಗಿಸಿದ್ದು ಮತ್ತೊಂದಿಲ್ಲ ಎನ್ನಬಹುದು.

1986ರ ಕಾನೂನು ಒಂಬತ್ತು ವರ್ಷಗಳ ಶಾಲಾ ಶಿಕ್ಷಣವನ್ನು ಕಡ್ಡಾಯಗೊಳಿಸಿತು. 2014ರಲ್ಲಿ ಶಾಂಘೈ ನಗರ ಮತ್ತು ಝೆಜಿಯಾಂಗ್ ಪ್ರಾಂತದಲ್ಲಿ ಈ ಪರೀಕ್ಷೆಯ ಕಲೆ, ವಿಜ್ಞಾನ ಎಂಬ ವಿಭಜನೆ ಕೈಬಿಡುವ ಪ್ರಯೋಗ ಶುರುವಾಯಿತು: ಚೀನೀ, ಗಣಿತ, ವಿದೇಶಿ ಭಾಷೆ ಎಲ್ಲರಿಗೂ, ಉಳಿದ ಮೂರು ವಿಷಯ ವಿದ್ಯಾರ್ಥಿಯ ಆಯ್ಕೆ. 2021ರಲ್ಲಿ ಸರ್ಕಾರ ಹೋಂವರ್ಕಿಗೆ ಮಿತಿ ಹಾಕಿ, ಕಡ್ಡಾಯ ಶಿಕ್ಷಣದ ಹಂತದಲ್ಲಿ ಮುಖ್ಯ ವಿಷಯಗಳಿಗೆ ಲಾಭಕ್ಕಾಗಿ ನಡೆಸುವ ಟ್ಯೂಷನ್ನನ್ನು ನಿಷೇಧಿಸಿತು. ಆದರೆ ಪರೀಕ್ಷೆಯ ಪೈಪೋಟಿ ತಗ್ಗದ್ದರಿಂದ ಎಷ್ಟೋ ಕಡೆ ಪಾಠ ಗುಟ್ಟಾಗಿ ಮುಂದುವರಿಯಿತು.

ಇವೆಲ್ಲಕ್ಕಿಂತ ಆಳದ ಅನ್ಯಾಯ ಹುಕೋ ಎಂಬ ಕುಟುಂಬ ನೋಂದಣಿಯದು. ಸೀಟುಗಳು ಪ್ರಾಂತವಾರು ಹಂಚಿಕೆಯಾಗುತ್ತವೆ. ಬೀಜಿಂಗ್‌ನಲ್ಲೇ ಬೆಳೆದರೂ ವಲಸೆ ಕಾರ್ಮಿಕರ ಮಕ್ಕಳು ಸಾಮಾನ್ಯವಾಗಿ ನೋಂದಣಿಯಿರುವ ಪ್ರಾಂತಕ್ಕೆ ಹೋಗಿಯೇ ಪರೀಕ್ಷೆ ಬರೆಯಬೇಕು.